ಕೆಳಗಿನ ವಾಲ್ವಿನ ಚೀಟಿ

ಹಮಾಸೆ,
ನವೆಂಬರ್ ೧೯

ಪ್ರೀತಿಯ ಮಗಳು ಚಿನಾಮಿಗೆ,

ಅಪ್ಪನ ಆಶೀರ್ವಾದಗಳು. ಇಲ್ಲಿ ಚಳಿ ಬಂದು ಕೂತಿದೆ. ಬೆಳಗಿನ ಹೊತ್ತು ಕೊಲ್ಲಿಯ ಮೇಲೆ ಹಬೆ ಏಳುತ್ತದೆ, ಆಚೆ ದಡ ಎಂಟು ಗಂಟೆಯಾದರೂ ಕಾಣುವುದಿಲ್ಲ. ಹಿತ್ತಲಿನ ಕಾಕಿ ಮರ ಈ ಸಲ ಕೊಂಬೆ ಬಾಗುವಷ್ಟು ಹಣ್ಣು ಬಿಟ್ಟಿತ್ತು. ಸುಲಿದು, ದಾರಕ್ಕೆ ಕಟ್ಟಿ, ಸೂರಿನ ಕೆಳಗೆ ಒಣಗಲು ತೂಗುಹಾಕಿದ್ದೇನೆ. ನಿನ್ನ ಅಮ್ಮ ಕಟ್ಟುತ್ತಿದ್ದ ಹಾಗೆ ಗಂಟು ಬಿಗಿಯಾಗಿ ಬಂದಿಲ್ಲ, ಎರಡು ದಿನಕ್ಕೊಂದು ಧೊಪ್ಪೆಂದು ಬೀಳುತ್ತದೆ. ಉಳಿದದ್ದನ್ನು ಹೊಸ ವರ್ಷಕ್ಕೆ ಮೊದಲು ಕಳಿಸುತ್ತೇನೆ. ನಿನ್ನ ಅತ್ತೆಯವರ ಮಂಡಿನೋವು ಹೇಗಿದೆ? ಮೊಮ್ಮಗಳು ಕೊಹಾರು ಶಿಶುವಿಹಾರಕ್ಕೆ ಅಳದೆ ಹೋಗುತ್ತಾಳೆಯೇ?

ನಿನ್ನ ಕಾಗದ ಬಂದದ್ದು ಆಗಸ್ಟಿನಲ್ಲಿ, ಸತ್ತವರನ್ನು ಮನೆಗೆ ಕರೆಯುವ ಹಬ್ಬದ ಹಿಂದಿನ ದಿನ. ಮೂರು ತಿಂಗಳಾಯಿತು, ಉತ್ತರ ಬರೆಯಲಿಲ್ಲ. ಕ್ಷಮಿಸು. ಕೈನೋವು, ವಿಚಾರಣೆಯ ಓಡಾಟ ಎಂದು ನೆಪ ಹೇಳಬಹುದು, ಆದರೆ ನೀನು ನಂಬುವುದಿಲ್ಲ. ಫೋನಿನಲ್ಲಿ ನಾನು ಹವೆಯ ವಿಷಯ, ಮಗುವಿನ ಹಲ್ಲಿನ ವಿಷಯ ಮಾತಾಡಿ ಇಟ್ಟುಬಿಡುತ್ತಿದ್ದೆ. ನೀನೂ ಕೆದಕಲಿಲ್ಲ. ಕಾಗದದಲ್ಲಿ ಮಾತ್ರ ನಿನ್ನ ಗಂಡನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದ್ದೆ: "ಅಪ್ಪಾ, ಹಿರೋಮು ಕೆಲಸ ಮಾಡದೆ ಮೊಹರು ಒತ್ತಿದ್ದು ನಿಜವಾ? ನೀನು ಅಲ್ಲೇ ಇದ್ದೆ. ನಿನ್ನ ಬಾಯಿಂದ ಕೇಳಿದರೆ ನಂಬುತ್ತೇನೆ."

ಅದರ ಕೆಳಗೆ ಇನ್ನೊಂದು ಸುದ್ದಿ ಬರೆದಿದ್ದೆ. ಕೊಹಾರು ದಿನಾ ಬೆಳಿಗ್ಗೆ ಅಪ್ಪನ ಫೋಟೊ ಮುಂದೆ ನಿಂತು, ಕೈ ನೀಟಾಗಿ ಚಾಚಿ, ಬೆರಳು ತೋರಿಸಿ "ಅಪ್ಪ, ಸರಿ!" ಎಂದು ಕೂಗಿ ಆಮೇಲೆ ಶಿಶುವಿಹಾರಕ್ಕೆ ಹೊರಡುತ್ತಾಳೆ ಎಂದು. ಅದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ. ಆ ಆಟ ಕಲಿಸಿದವನು ನಾನೇ.

ನಿನ್ನ ಪ್ರಶ್ನೆಗೆ ಇವತ್ತು ಉತ್ತರ ಹೇಳುತ್ತೇನೆ. ಆದರೆ ನಾನು ಮೇಸ್ತ್ರಿ, ನಲವತ್ತು ವರ್ಷ ಎಲ್ಲವನ್ನೂ ಒಂದನೆಯ ಹಂತದಿಂದ ಮಾಡಿ ಅಭ್ಯಾಸ. ಸ್ವಲ್ಪ ತಾಳ್ಮೆಯಿಂದ ಓದು.

ಇವತ್ತೇ ಬರೆಯಲು ಕೂತದ್ದಕ್ಕೆ ಕಾರಣ ತೊಕಿಎ ಅಜ್ಜಿ. ಮೀನು ಮಾರುಕಟ್ಟೆಯ ಹಿಂದಿನ ಮನೆಯವಳು, ನಿನಗೆ ನೆನಪಿರಬೇಕು. ಜನವರಿಯಿಂದ ಕಾರ್ಖಾನೆ ಮುಚ್ಚಿದ್ದರೂ ಆಕೆ ಪ್ರತಿ ಮಂಗಳವಾರ ಕರಿದ ಎಣ್ಣೆಯ ಬಾಟಲಿಗಳನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಗೇಟಿಗೆ ಬರುತ್ತಾಳೆ. ನಾನೂ ಯಾಕೋ ಮಂಗಳವಾರ ಗೇಟಿನ ಬಳಿ ಇರುತ್ತೇನೆ. ಇವತ್ತು ಬಾಟಲಿ ಇಳಿಸುತ್ತಾ ಕೇಳಿದಳು:

"ಅಲ್ಲ ಓಚಿಯವರೇ, ನಿಮ್ಮ ಅಳಿಯ ಅವಸರದವನು, ಅದಕ್ಕೇ ಹಿಂಗಾಯ್ತು ಅಂತ ಪೇಪರ್‌ನಲ್ಲಿ ಬಂದಿದ್ಯಂತೆ?"

"ತನಿಖೆಯ ಕರಡು ವರದೀಲಿ ಹಾಗಿದೆ ಅಜ್ಜಿ."

"ಬರ್ದೋರಿಗೆ ಬುದ್ಧಿ ಇಲ್ಲ. ಆ ಹುಡುಗ ನನ್ನ ಬಾಟ್ಲಿ ಬಾಯಿ ಒರೆಸ್ದೆ ಒಂದಿನ ಇಸ್ಕೊಂಡೋನಲ್ಲ. ಮೂಸಿ ನೋಡಿ, 'ಏನಜ್ಜಿ, ನಿನ್ನೆ ಸೀಗಡಿ ಕರಿದ್ರಾ, ನಂಗ್ಯಾಕೆ ಹೇಳಿ ಕಳಿಸ್ಲಿಲ್ಲ' ಅಂತಿದ್ದ. ಬಾಟ್ಲಿ ಒರೆಸೋನು ಅಷ್ಟು ದೊಡ್ಡ ಕೆಲಸ ಬಿಟ್ಬಿಡ್ತಾನಾ? ನೀವೇ ಹೇಳಿ, ನೀವು ಜೊತೇಲಿದ್ರಲ್ಲ."

ನಾನು ಬಾಟಲಿಗಳನ್ನು ಎತ್ತಿಟ್ಟೆ. ಅಜ್ಜಿ ನನ್ನ ಮುಖ ನೋಡುತ್ತಲೇ ಇದ್ದಳು. ಮನೆಗೆ ಬಂದು ಕೈ ತೊಳೆದು ಸೀದಾ ಈ ಕಾಗದಕ್ಕೆ ಕೂತಿದ್ದೇನೆ.

ನೀನು ಕಾರ್ಖಾನೆಯ ಒಳಗೆ ಯಾವತ್ತೂ ಬರಲಿಲ್ಲ. "ಇಬ್ರೂ ಟೆಂಪುರಾ ಅಂಗಡಿ ಥರ ನಾರ್ತೀರಿ, ಮೊದ್ಲು ಸ್ನಾನ" ಎಂದು ಬಾಗಿಲಲ್ಲೇ ತಡೆಯುತ್ತಿದ್ದೆ. ಊರಿನವರ ಕರಿದ ಎಣ್ಣೆಯಿಂದ ಬಸ್ಸಿಗೆ ಡೀಸೆಲ್ ಮಾಡುತ್ತಿದ್ದದ್ದು ನಿನಗೆ ಗೊತ್ತು. ಡೀಸೆಲ್ ಮೇಲೆ ತೇಲುತ್ತದೆ, ಕೆಳಗೆ ಕಂದು ಬಣ್ಣದ ಮಂದ ಗ್ಲಿಸರಿನ್ ಇಳಿಯುತ್ತದೆ. ಸಾಬೂನು, ಉಪ್ಪು, ಏನೇನೋ ಕಸ ಸೇರಿದ್ದು, ಯಾರಿಗೂ ಬೇಡ. ಆರು ವರ್ಷದ ಹಿಂದೆ ವಿಶ್ವವಿದ್ಯಾಲಯದವರು ಬಂದು, ಈ ಕೊಳಕನ್ನೇ ಬಿಸಿ ಹಬೆಯ ಜೊತೆ ನಿಕ್ಕಲ್ ಗುಳಿಗೆಗಳ ಮೇಲೆ ಹಾಯಿಸಿದರೆ ಜಲಜನಕ ಸಿಗುತ್ತದೆ, ಅದರಿಂದಲೂ ಬಸ್ಸು ಓಡಿಸಬಹುದು ಎಂದಾಗ ನಾನು ನಕ್ಕಿದ್ದೆ. ಆದರೆ ಓಡಿತು. ಊರಿನ ಅಡುಗೆಮನೆಯ ಹೊಲಸಿನಿಂದ ಬಸ್ಸು ಓಡಿ, ಹಿಂದಿನಿಂದ ಬರೀ ನೀರಿನ ಹನಿ ಬೀಳುವುದನ್ನು ನೋಡಿ ಹೆಮ್ಮೆಪಟ್ಟೆ. ನಿಜ ಹೇಳುತ್ತೇನೆ, ನನ್ನ ಬದುಕಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದುಕೊಂಡಿದ್ದೆ.

ಗುಳಿಗೆಗಳೇ ತೊಂದರೆ. ಪುಸ್ತಕದಲ್ಲಿ ಅದನ್ನು ವೇಗವರ್ಧಕ ಎನ್ನುತ್ತಾರೆ, ನಾವು ಗುಳಿಗೆ ಎನ್ನುತ್ತಿದ್ದೆವು. ಶುದ್ಧ ಗ್ಲಿಸರಿನ್ ಕೊಟ್ಟರೆ ವರ್ಷಗಟ್ಟಲೆ ಬಾಳುತ್ತವಂತೆ. ನಮ್ಮ ಉಪ್ಪುಸಾಬೂನಿನ ಗ್ಲಿಸರಿನ್‌ಗೆ ಐದಾರು ವಾರದಲ್ಲಿ ಮಸಿ ಕಟ್ಟಿ ಸತ್ತುಹೋಗುತ್ತವೆ. ಆಗ ಕುಲುಮೆ ನಿಲ್ಲಿಸಿ, ಆರಿಸಿ, ಮುಚ್ಚಳ ತೆಗೆದು ಹೊಸದನ್ನು ತುಂಬಬೇಕು.

ಈ ಆರಿಸುವುದರಲ್ಲೇ ಜೀವ ಇರುವುದು. ಕುಲುಮೆ ಬಿಸಿಯಾಗಿರುವಾಗಲೇ ಸಾರಜನಕ ಊದಿ ಒಳಗಿನ ಅನಿಲವನ್ನೆಲ್ಲ ಹೊರಗೆ ದಬ್ಬಬೇಕು. ದಬ್ಬದೆ ಹಾಗೇ ಆರಲು ಬಿಟ್ಟರೆ ಒಳಗೆ ಉಳಿದ ಇಂಗಾಲದ ಅನಿಲ ನಿಕ್ಕಲ್ಲನ್ನು ಕಚ್ಚಿಕೊಂಡು ಬೇರೊಂದು ವಿಷವಾಗುತ್ತದೆ. ಅದಕ್ಕೆ ಬಣ್ಣವಿಲ್ಲ. ವಾಸನೆ ಇದ್ದರೂ ಹಳೆಯ ಮಸಿಯ ಹಾಗೆ, ಗಮನಕ್ಕೇ ಬರುವುದಿಲ್ಲ. ಅದನ್ನು ಉಸಿರಾಡಿದವನಿಗೆ ಮೊದಲ ದಿನ ತಲೆನೋವು, ಮಾರನೆಯ ದಿನ ಆರಾಮ, ಆಮೇಲೆ ಎದೆಯಲ್ಲಿ ನೀರು ತುಂಬುತ್ತದೆ. ಇದೆಲ್ಲ ನಮಗೆ ಮೊದಲ ವರ್ಷವೇ ಪಾಠ ಮಾಡಿದ್ದರು. ಗೋಡೆಗೆ ಕೆಂಪಕ್ಷರದಲ್ಲಿ ಬರೆದು ಅಂಟಿಸಿದವನು ನಾನು.

ಊದುವುದು ಎರಡು ಸಲ. ಬಿಸಿಯಲ್ಲಿ ಮೊದಲನೆಯದು, ಕೆಳಗಿನ ವಾಲ್ವಿನಿಂದ, ನನ್ನ ಕೆಲಸ. ತಣ್ಣಗಾಗಿ ಮುಚ್ಚಳ ತೆಗೆಯುವ ಮೊದಲು, ಉಳಿದ ಚೂರುಪಾರನ್ನೂ ದಬ್ಬಲು ಎರಡನೆಯದು, ಮೇಲಿನ ಅಟ್ಟಣೆಯಿಂದ, ಹಿರೋಮುವಿನದು. ಊದುವಾಗ ಗಾಜಿನ ಕೊಳವೆಯಲ್ಲಿ ಗೋಲಿಯಷ್ಟು ದೊಡ್ಡ ಚೆಂಡು ಮೇಲೆದ್ದು ತೇಲಬೇಕು. ಅದನ್ನು ಬೆರಳಿನಿಂದ ತೋರಿಸಿ, ಗಟ್ಟಿಯಾಗಿ "ಸಾರಜನಕ, ಸರಿ!" ಎಂದು ಕೂಗಬೇಕು. ಇನ್ನೊಬ್ಬ ಅದನ್ನೇ ತಿರುಗಿ ಕೂಗಬೇಕು. ಆಮೇಲೆ, ಕೆಲಸ ಆಯಿತು ಎಂದು, ಹಾಳೆಯ ಮೇಲೆ ತನ್ನ ಹೆಸರಿನ ಮೊಹರು. ವಾಲ್ವ್ ಮುಚ್ಚಿದ ಮೇಲೆ ಚಕ್ರಕ್ಕೆ ತಂತಿಯಿಂದ ತಾರೀಖಿನ ಚೀಟಿ ಕಟ್ಟಬೇಕು, ಮುಂದಿನ ಸಲ ಆ ತಂತಿ ಬಿಚ್ಚದೆ ಚಕ್ರ ತಿರುಗುವುದಿಲ್ಲ. ತೋರಿಸಿ ಕೂಗುವುದನ್ನು ನಾನು ಹದಿನೆಂಟನೆಯ ವಯಸ್ಸಿನಲ್ಲಿ ಕಲಿತೆ. ಮನೆಯ ಒಲೆಗೂ ಕೂಗುತ್ತಿದ್ದೆ, ಬಾಗಿಲ ಬೀಗಕ್ಕೂ ಕೂಗುತ್ತಿದ್ದೆ. ಹಿರೋಮು ನಗುತ್ತಿದ್ದ: "ಮಾವಾ, ನಿಮ್ಮ ಬೆರಳಿಗೆ ಸರ್ಕಾರದವರು ಪಿಂಚಣಿ ಕೊಡ್ಬೇಕು." ಮಗು ತನ್ನ ಸೂಪಿನ ಬಟ್ಟಲಿಗೆ ಬೆರಳು ತೋರಿಸಿ "ಸೂಪು, ಸರಿ!" ಎಂದಾಗ ನಾವು ಮೂವರೂ ಎಷ್ಟು ನಕ್ಕಿದ್ದೆವು.

ಈಗ ಜನವರಿಯ ಆ ಸೋಮವಾರಕ್ಕೆ ಬರುತ್ತೇನೆ. ಗೇಟಿನ ಹಲಗೆಯ ಮೇಲೆ 'ಅಪಘಾತವಿಲ್ಲದ ದಿನಗಳು ೧೯೯೬' ಎಂದಿತ್ತು. ಶುಕ್ರವಾರ ಎರಡು ಸಾವಿರ. ಮೇಯರ್ ಬರುವವರಿದ್ದರು, ಕಾರ್ಮಿಕರ ಪರವಾಗಿ ನಾನು ಭಾಷಣ ಮಾಡಬೇಕೆಂದು ಮ್ಯಾನೇಜರ್ ಕುರೊಕಾವಾ ಹೇಳಿದ್ದರು. ನಾನು ಭಾಷಣದ ಮನುಷ್ಯನಲ್ಲ. ವಾರದಿಂದ ಜೇಬಿನಲ್ಲಿ ಆ ಕಾಗದ ಇಟ್ಟುಕೊಂಡು ಬಾಯಿಪಾಠ ಮಾಡುತ್ತಿದ್ದೆ.

ಬೆಳಿಗ್ಗೆ ಎಂಟಕ್ಕೆ ಕುಲುಮೆ ನಿಲ್ಲಿಸಿದೆವು. ಹಿರೋಮು ಅಟ್ಟಣೆಯ ಮೇಲಿದ್ದ.

"ಮಾವಾ, ಇವತ್ತು ಬೇಗ ಮುಗ್ಸೋಣ. ಚಿನಾಮಿ ಒಡೆನ್ ಮಾಡ್ತಾಳಂತೆ. ಮೊಟ್ಟೆ ಎಂಟು ಹಾಕು ಅಂದಿದೀನಿ."

"ಕೆಲಸದ ಹೊತ್ತಲ್ಲಿ ಹೊಟ್ಟೆ ಸುದ್ದಿ ಬೇಡ."

"ಹಂಗಾದ್ರೆ ನಿಮ್ಮ ಪಾಲಿನ ಮೊಟ್ಟೆ ನಂಗೆ, ನನ್ನ ಪಾಲಿನ ಮೂಲಂಗಿ ನಿಮ್ಗೆ. ಮಾತು ಮುಗೀತು."

ನಾನು "ಸಾರಜನಕ, ಸರಿ!" ಎಂದು ಕೂಗಿದೆ. ಮೇಲಿನಿಂದ ಅವನೂ "ಸಾರಜನಕ, ಸರಿ!" ಎಂದ. ಮೊಹರು ಒತ್ತಿದೆ. ಕುಲುಮೆ ದಿನವಿಡೀ ಆರಿತು. ಮಧ್ಯಾಹ್ನ ಮೂರಕ್ಕೆ ಅವನು ತನ್ನ ಪಾಲಿನದನ್ನು ಊದಿ, ಕೂಗಿ, ಮೊಹರು ಒತ್ತಿ, ಮುಚ್ಚಳ ತೆಗೆದು ಗುಳಿಗೆಗಳನ್ನು ಹೊರಗೆ ಹಾಕಿದ. ಮುಖಕ್ಕೆ ಧೂಳಿನ ಮುಸುಕು ಮಾತ್ರ ಇತ್ತು. ಎರಡೂ ಸಲ ಊದಿದ್ದರೆ ಅಷ್ಟೇ ಸಾಕು ಎಂದು ನಿಯಮ. ಇಳಿದು ಬಂದು, "ಏನೋ ಮಸಿ ವಾಸ್ನೆ ಮಾವಾ, ತಲೆ ಭಾರ ಅನಿಸ್ತಿದೆ" ಎಂದ. "ಧೂಳು. ಮುಖ ತೊಳ್ಕೊ" ಎಂದೆ.

ಸಂಜೆ ನೀನು ನಮ್ಮಿಬ್ಬರ ಕೋಟುಗಳನ್ನು ತೆಗೆದುಕೊಂಡು ಕೊಡವಿ ಗೂಟಕ್ಕೆ ಹಾಕಿದೆ. ಬಿಸಿ ಬಿಸಿ ಒಡೆನ್ ಇಟ್ಟೆ. ನಾಲ್ಕು ಮೊಟ್ಟೆ ಗೆದ್ದುಕೊಂಡವನು ಒಂದನ್ನೂ ಮುಟ್ಟಲಿಲ್ಲ. "ಜ್ವರ ಏನಾದ್ರೂ ಬಂದಿದ್ಯಾ?" ಎಂದು ನೀನು ಅವನ ಹಣೆ ಮುಟ್ಟಿ ನೋಡಿ ನನ್ನ ಕಡೆ ತಿರುಗಿದೆ. "ನೆಗಡಿ ಅಷ್ಟೆ. ಶುಂಠಿ ಹಾಕಿ ಬಿಸಿನೀರು ಕೊಡು" ಎಂದೆ. ಮಂಗಳವಾರ ಅವನು ಹುಷಾರಾಗಿ ಕೆಲಸಕ್ಕೆ ಬಂದ, ಶಿಳ್ಳೆ ಹಾಕಿದ. ಬುಧವಾರ ಬೆಳಿಗ್ಗೆ ಉಸಿರು ಸಿಕ್ಕದೆ ಗೋಡೆ ಹಿಡಿದು ನಿಂತಿದ್ದ.

ಆಸ್ಪತ್ರೆಯಲ್ಲಿ ವೈದ್ಯರು ನನ್ನನ್ನು ಕೇಳಿದರು, ನೀನೂ ಪಕ್ಕದಲ್ಲೇ ಇದ್ದೆ: "ಕೆಲಸದ ಜಾಗದಲ್ಲಿ ಯಾವುದಾದ್ರೂ ಅನಿಲ ಉಸಿರಾಡಿರಬಹುದಾ?" ನಾನು, "ಇಲ್ಲ ಡಾಕ್ಟ್ರೇ, ಎಲ್ಲಾ ಊದಿ ತೆಗೆದಿತ್ತು" ಎಂದೆ. ಅವರು ನ್ಯುಮೋನಿಯಾ ಎಂದು ಔಷಧಿ ಶುರುಮಾಡಿದರು. ಶುಕ್ರವಾರ ನಾನು ಹೊಸ ಟೈ ಕಟ್ಟಿಕೊಂಡು ಹೋಗಿ ಮೇಯರ್ ಮುಂದೆ ಭಾಷಣ ಮಾಡಿದೆ. ನೀನು ಆಸ್ಪತ್ರೆಯಿಂದ ಎರಡು ಸಲ ಫೋನ್ ಮಾಡಿದ್ದೆ, ನಾನು ಎತ್ತಲಿಲ್ಲ. ಚಪ್ಪಾಳೆ ಮುಗಿದ ಮೇಲೆ ನೋಡಿದೆ. ಶನಿವಾರ ಬೆಳಕು ಹರಿಯುವ ಹೊತ್ತಿಗೆ ಹಿರೋಮು ಹೋದ. ಮೂವತ್ತೊಂದು ವರ್ಷ.

ಮೂತ್ರದಲ್ಲಿ ನಿಕ್ಕಲ್ ಸಿಕ್ಕಿದ್ದು ಆಮೇಲೆ. ಆ ವೈದ್ಯರು ಪಡಸಾಲೆಯಲ್ಲಿ ನಿಂತು ಹೇಳಿದ್ದು ನಿನಗೂ ಕೇಳಿಸಿತು: "ಮೊದಲನೇ ದಿನವೇ ಯಾರಾದ್ರೂ ಹೇಳಿದ್ರೆ ಇದಕ್ಕೆ ಬೇರೆ ಔಷಧಿ ಇತ್ತು. ಉಳೀತಿದ್ರು ಅಂತ ಖಂಡಿತ ಹೇಳೋಕಾಗಲ್ಲ. ಆದ್ರೆ ಪ್ರಯತ್ನ ಮಾಡಬಹುದಿತ್ತು." ನೀನು ಗೋಡೆಗೆ ಒರಗಿ ಕೆಳಗೆ ಕೂತೆ. ನಾನು ನಿನ್ನನ್ನು ಎತ್ತಲಿಲ್ಲ.

ತನಿಖೆಯವರು ಲೆಕ್ಕ ಹಾಕಿದರು. ಹಾಳೆಯ ಮೇಲೆ ಮೊಹರು ಎರಡು. ಸಿಲಿಂಡರುಗಳಿಂದ ಖರ್ಚಾದ ಸಾರಜನಕ ಒಂದು ಸಲ ಊದುವಷ್ಟು ಮಾತ್ರ. ಇಬ್ಬರಲ್ಲಿ ಒಬ್ಬ ಊದದೆ ಮೊಹರು ಒತ್ತಿದ್ದಾನೆ. ಒಬ್ಬ ನಲವತ್ತು ವರ್ಷ ದುಡಿದ ಮೇಸ್ತ್ರಿ, ಗೋಡೆಯ ಮೇಲೆ ಅವನ ಸುರಕ್ಷತಾ ಪ್ರಶಸ್ತಿಗಳು ಮೂರು. ಇನ್ನೊಬ್ಬ ಕೆಲಸಕ್ಕೆ ಸೇರಿ ಐದೇ ವರ್ಷವಾದವನು, ಸಂಜೆ ಬೇಗ ಮನೆಗೆ ಹೋಗಬೇಕು ಎಂದು ಬೆಳಿಗ್ಗೆಯೇ ಹೇಳಿದ್ದವನು. ಅದನ್ನು ಅವರಿಗೆ ಹೇಳಿದವನೂ ನಾನೇ, ಚಿನಾಮಿ. "ಆ ದಿನ ಏನಾದರೂ ಮಾತಾಡಿದಿರಾ" ಎಂದು ಕೇಳಿದರು, ಒಡೆನ್ ಮಾತು ಹೇಳಿದೆ. ಅಷ್ಟೇ ಸಾಕಾಯಿತು ಅವರಿಗೆ.

ಕುರೊಕಾವಾ ನನ್ನನ್ನು ಕರೆದು ಚಹಾ ಕೊಟ್ಟು ಹೇಳಿದರು: "ಓಚಿಯವರೇ, ನನಗೂ ಬೇಜಾರೇ. ಆದ್ರೆ ಪದ್ಧತಿ ತಪ್ಪು ಅಂತಾದ್ರೆ ಕಾರ್ಖಾನೆ ಪೂರ್ತಿ ಮುಚ್ಚಬೇಕು. ಒಬ್ಬನ ಕೈತಪ್ಪು ಅಂತಾದ್ರೆ ಮುಂದಿನ ವಸಂತಕ್ಕೆ ತೆರೀಬಹುದು. ಹೋದವನಿಗೆ ಇನ್ನೇನೂ ಆಗೋದಿಲ್ಲವಲ್ಲ." ನಾನು ಚಹಾ ಕುಡಿದೆ.

ಹೋದವನಿಗೆ ಆಗುವುದಿಲ್ಲ, ನಿಜ. ಇದ್ದವರಿಗೆ ಏನಾಯಿತು ಎಂದು ಹೇಳುತ್ತೇನೆ ಕೇಳು, ಇದು ನಿನಗೆ ಗೊತ್ತಿಲ್ಲ. ಜುಲೈ ಕೊನೆಯಲ್ಲಿ ಕರಡು ವರದಿ ಪತ್ರಿಕೆಯಲ್ಲಿ ಬಂದ ವಾರ ನಿನ್ನ ಅತ್ತೆ ಇಲ್ಲಿಗೆ ಬಂದಿದ್ದರು. ನಿನಗೆ ಮಂಡಿನೋವಿನ ಆಸ್ಪತ್ರೆ ಎಂದು ಹೇಳಿ ಹೊರಟಿದ್ದರಂತೆ. ಬೆಟ್ಟ ದಾಟಿ ಮೂರು ಬಸ್ಸು ಬದಲಿಸಿ, ಆ ಬಿಸಿಲಲ್ಲಿ ಕಪ್ಪು ಬಟ್ಟೆ ಉಟ್ಟು, ಸಿಹಿಯ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಕಚೇರಿಯ ಬಾಗಿಲಲ್ಲಿ ನಿಂತರು. ನನ್ನನ್ನು ಕಂಡವರೇ ಸೊಂಟ ಪೂರ್ತಿ ಬಗ್ಗಿಸಿದರು.

"ನನ್ನ ಮಗನಿಂದ ನಿಮಗೆಲ್ಲ ಇಷ್ಟು ತೊಂದರೆ ಆಯ್ತು. ಕಾರ್ಖಾನೆ ಮುಚ್ಚಿತು, ಎಷ್ಟೋ ಜನರ ಕೆಲಸ ಹೋಯ್ತು. ಸರಿಯಾಗಿ ಬೆಳೆಸಲಿಲ್ಲ ನಾನು. ದಯವಿಟ್ಟು ಕ್ಷಮಿಸಿ."

ಎದ್ದೇಳಲೇ ಇಲ್ಲ. ತಲೆಯ ಬೆಳ್ಳಗಿನ ಬೈತಲೆ ನನ್ನ ಎದೆಯ ಮಟ್ಟದಲ್ಲಿತ್ತು, ಮಂಡಿ ನಡುಗುತ್ತಿತ್ತು. ಕುರೊಕಾವಾ ನನ್ನನ್ನು ನೋಡಿದರು, ಹಿರಿಯ ಬೀಗ ನಾನೇ ಮಾತಾಡಬೇಕು ಎನ್ನುವ ಹಾಗೆ. ನಾನು ಎರಡೂ ಕೈ ಚಾಚಿ ಆ ಡಬ್ಬಿ ತೆಗೆದುಕೊಂಡೆ. "ನೀವು ಹಾಗನ್ನಬಾರದು" ಎಂದೆ. ಆ ಡಬ್ಬಿ ಈಗಲೂ ನಿನ್ನ ಅಮ್ಮನ ಪಟದ ಕೆಳಗಿದೆ. ತೆರೆದಿಲ್ಲ. ಒಳಗೆ ಬೂಸ್ಟು ಹಿಡಿದಿರಬೇಕು.

ಈಗ ನಿನ್ನ ಪ್ರಶ್ನೆಗೆ ಉತ್ತರ. ಇಲ್ಲ, ಹಿರೋಮು ಕೆಲಸ ಮಾಡದೆ ಮೊಹರು ಒತ್ತಲಿಲ್ಲ. ಒತ್ತಿದವನು ನಾನು.

ಆ ಬೆಳಿಗ್ಗೆ ನಾನು ಕೆಳಗಿನ ವಾಲ್ವಿನ ಚಕ್ರದ ಮೇಲೆ ಕೈ ಇಟ್ಟಿದ್ದೆ. ಕಚೇರಿ ಬಾಗಿಲಿನಿಂದ ಕುರೊಕಾವಾ ಕೂಗಿದರು: "ಓಚಿಯವರೇ, ಮೇಯರ್ ಕಚೇರಿಯಿಂದ ಫೋನು! ಭಾಷಣ ಎಷ್ಟು ನಿಮಿಷ ಅಂತ ಕೇಳ್ತಿದ್ದಾರೆ." ಹೋದೆ. ನಾಲ್ಕು ನಿಮಿಷ ಎಂದು ಹೇಳಿ, ಅವರು ಮೂರಕ್ಕೆ ಇಳಿಸಿ ಎಂದದ್ದಕ್ಕೆ, ಯಾವ ಸಾಲು ಬಿಡಬೇಕು ಎಂದು ಯೋಚಿಸುತ್ತಾ ತಿರುಗಿ ಬಂದೆ. ವಾಲ್ವ್ ತಿರುಗಿಸಿಯೇ ಹೋಗಿದ್ದೇನೆ ಎಂದುಕೊಂಡೆ. ಗಾಜಿನ ಕೊಳವೆಯ ಮುಂದೆ ನಿಂತು, ಕೈ ನೀಟಾಗಿ ಚಾಚಿ, ಬೆರಳು ತೋರಿಸಿ ಕೂಗಿದೆ. ಚೆಂಡು ತಳದಲ್ಲಿ ಕೂತಿತ್ತು. ನನ್ನ ಬೆರಳು ಅದರತ್ತಲೇ ಇತ್ತು. ಕಣ್ಣೂ ಆ ಕಡೆಗೇ ಇತ್ತು. ಆದರೆ ನಾನು ನೋಡಲಿಲ್ಲ. ನಲವತ್ತು ವರ್ಷ ಕೂಗಿ ಕೂಗಿ, ಕೂಗಿದ ಮೇಲೆ ಸರಿಯೇ ಇರುತ್ತದೆ ಎಂದು ನನ್ನ ಮೈಗೆ ಅಭ್ಯಾಸವಾಗಿಬಿಟ್ಟಿತ್ತು. ನನ್ನ ದನಿ ನನಗೇ ಧೈರ್ಯ ಹೇಳಿತು. ಮೇಲಿದ್ದ ಹಿರೋಮುವಿಗೆ ಚೆಂಡು ಕಾಣುವುದಿಲ್ಲ, ನನ್ನ ದನಿ ಮಾತ್ರ ಕೇಳುತ್ತದೆ. ಅದನ್ನು ನಂಬಿ ಅವನೂ ಕೂಗಿದ.

ಅವನು ತನ್ನ ಪಾಲಿನದನ್ನು ಸರಿಯಾಗಿಯೇ ಊದಿದ. ನಾನಂತೂ ಊದಿರಲಿಲ್ಲ, ಅವನೂ ಊದಿರದಿದ್ದರೆ ಮುಚ್ಚಳ ತೆಗೆದಾಗ ಜಲಜನಕದ ಎಚ್ಚರಿಕೆ ಗಂಟೆ ಊರಿಗೇ ಕೇಳುವ ಹಾಗೆ ಕೂಗಬೇಕಿತ್ತು. ಅದು ಕೂಗಲಿಲ್ಲ. ಈ ಒಂದು ಮಾತನ್ನು ತನಿಖೆಯವರು ಯಾರೂ ಕೇಳಲಿಲ್ಲ. ಆದರೆ ಅಷ್ಟು ಹೊತ್ತಿಗೆ ವಿಷ ಹುಟ್ಟಿ, ಚಳಿಗೆ ಗುಳಿಗೆಗಳ ಸಂದಿಯಲ್ಲಿ ಇಳಿದು ಕೂತಿತ್ತು. ಅವನು ಊದಿದ್ದಕ್ಕೆ ಅದು ಅಲ್ಲಾಡಲಿಲ್ಲ, ಅವನು ಸಲಿಕೆ ಹಾಕಿದಾಗ ಎದ್ದಿತು.

ಇದು ನನಗೆ ಹೊಳೆದದ್ದು ಜುಲೈಯಲ್ಲಿ, ವರದಿಯ ಕರಡನ್ನು ಓದುತ್ತಾ ಕೂತಾಗ. ಗಂಟೆ ಕೂಗಲಿಲ್ಲವಲ್ಲ ಎಂದು ಯೋಚಿಸಿದೆ, ಹಿಂದಕ್ಕೆ ಹಿಂದಕ್ಕೆ ಹೋದೆ, ಫೋನಿಗೆ ಹೋಗಿ ಬಂದದ್ದು ನೆನಪಾಯಿತು. ಆಮೇಲೆ ಬಾಯಿ ಬಿಡಲು ಇಷ್ಟು ದಿನ ಬೇಕಾಯಿತು. ಹೆದರಿದೆ. ಜೈಲಿಗೆ ಹೆದರಿದೆ ಎಂದರೆ ಅರ್ಧ ನಿಜ. ನೀನು ನನ್ನನ್ನು ನೋಡುವ ಕಣ್ಣಿಗೆ ಹೆದರಿದೆ.

ಅಂತಿಮ ವರದಿಗೆ ಈ ತಿಂಗಳ ಇಪ್ಪತ್ತೊಂಬತ್ತಕ್ಕೆ ಸಹಿ ಬೀಳುತ್ತದೆ. ನಾಳೆ ಬೆಳಗಿನ ಬಸ್ಸಿಗೆ ನಾನು ತನಿಖಾ ಕಚೇರಿಗೆ ಹೋಗಿ ಇದನ್ನೆಲ್ಲ ಹೇಳಿ, ಕೆಳಗೆ ಮೊಹರು ಒತ್ತಿ ಬರುತ್ತೇನೆ. ಈ ಸಲ ನೋಡಿ ಒತ್ತುತ್ತೇನೆ. ಬರಲು ಬಿಟ್ಟರೆ, ಅಲ್ಲಿಂದ ಸೀದಾ ನಿನ್ನ ಅತ್ತೆಯವರ ಬಾಗಿಲಿಗೆ ಬಂದು, ಅವರು ಬಗ್ಗಿದ್ದಕ್ಕಿಂತ ಕೆಳಗೆ ಬಗ್ಗುತ್ತೇನೆ. ನೀನು ಬಾಗಿಲು ತೆರೆಯಬೇಕಾಗಿಲ್ಲ. ಅವರಿಗೆ ಮಾತ್ರ ಹೇಳು, ಅವರು ಮಗನನ್ನು ಚೆನ್ನಾಗಿಯೇ ಬೆಳೆಸಿದ್ದರು ಎಂದು.

ಕೊಹಾರುವಿನ ಆಟ ಬಿಡಿಸಬೇಡ. ಅವಳು ನಿಜವಾಗಿ ನೋಡಿಯೇ ಕೂಗುತ್ತಾಳೆ. ಅವಳಿಗೂ ನಿನಗೂ ದೇವರು ಆಯುಸ್ಸು, ಆರೋಗ್ಯ, ನೆಮ್ಮದಿ ಕೊಡಲಿ. ಚಳಿಯಲ್ಲಿ ಹುಷಾರು, ಬೆಚ್ಚಗಿರು. ನನ್ನ ಬಗ್ಗೆ ಚಿಂತೆ ಮಾಡಬೇಡ, ಮಾಡುವ ಮನಸ್ಸು ಇನ್ನೂ ಉಳಿದಿದ್ದರೆ.

ಇತಿ ನಿನ್ನ ಅಪ್ಪ,
ಓಚಿ ಶಿಗೆಹಾರು

ತಾ.ಕ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿ ಕೂತಿದ್ದೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನನಗೆ ಗೊತ್ತಾದದ್ದು ಜುಲೈಯಲ್ಲಲ್ಲ.

ಆ ಸೋಮವಾರ ಸಂಜೆ ಐದಕ್ಕೆ, ಹಿರೋಮು ಮುಖ ತೊಳೆಯುತ್ತಿದ್ದಾಗ, ಚೀಟಿ ಕಟ್ಟಲು ಕೆಳಗಿನ ವಾಲ್ವಿನ ಬಳಿ ಹೋದೆ. ಅದರ ಮೇಲೆ ಡಿಸೆಂಬರಿನ ಚೀಟಿ ಹಾಗೇ ಇತ್ತು. ನನ್ನದೇ ಅಕ್ಷರ, ತಂತಿ ಬಿಚ್ಚಿರಲಿಲ್ಲ. ಊದಿಲ್ಲ ಎಂದು ಆ ಕ್ಷಣದಲ್ಲೇ ತಿಳಿಯಿತು. ಅವನು ಮಸಿ ವಾಸನೆ ಎಂದದ್ದೂ, ತಲೆ ಭಾರ ಎಂದದ್ದೂ, ಗೋಡೆಯ ಕೆಂಪಕ್ಷರವೂ ಒಟ್ಟಿಗೇ ನೆನಪಾದವು. ಹೇಳಿದರೆ ಹಲಗೆಯ ಮೇಲೆ ಸೊನ್ನೆ ಬರೆಯಬೇಕು, ಇನ್ನು ನಾಲ್ಕೇ ದಿನ, ಸ್ವಲ್ಪವೇ ಉಸಿರಾಡಿರಬಹುದು, ನಾಳೆ ನೋಡೋಣ ಎಂದುಕೊಂಡೆ. ಮಾರನೆಯ ದಿನ ಅವನು ಶಿಳ್ಳೆ ಹಾಕಿದಾಗ ಬಚಾವಾದೆ ಎಂದುಕೊಂಡೆ. ಆ ಸೋಮವಾರ ಸಂಜೆಯೇ ಹಳೆಯ ಚೀಟಿಯನ್ನು ಕತ್ತರಿಸಿ ಕೋಟಿನ ಜೇಬಿಗೆ ಹಾಕಿ, ಹೊಸದನ್ನು ಕಟ್ಟಿ, ಅವನ ಜೊತೆ ಮಾತಾಡುತ್ತಾ ಮನೆಗೆ ನಡೆದು ಬಂದೆ. ಬುಧವಾರ ವೈದ್ಯರು ಕೇಳಿದಾಗಲೂ ಅದು ನನ್ನ ಮೈಮೇಲಿನ ಕೋಟಿನಲ್ಲೇ ಇತ್ತು. ನಾಳೆ ಅದನ್ನೂ ಕೊಡುತ್ತೇನೆ.

ನಿನಗೆ ನೆನಪಿದೆಯೋ ಇಲ್ಲವೋ. ಆ ಸಂಜೆ ನೀನು ಕೋಟು ಕೊಡವುವಾಗ ಅದು ನೆಲಕ್ಕೆ ಬಿತ್ತು. "ಅಪ್ಪಾ, ಯಾವ್ದೋ ಚೀಟಿ ಬಿತ್ತು, ಬಿಸಾಕ್ಲಾ?" ಎಂದೆ. "ಬೇಡ, ಅಲ್ಲೇ ಇರ್ಲಿ" ಎಂದೆ. ನೀನು ಅದನ್ನು ಎತ್ತಿ, ಮಡಚಿ, ಮತ್ತೆ ನನ್ನ ಜೇಬಿಗೆ ಹಾಕಿ, ಅವನಿಗೆ ಶುಂಠಿ ಜಜ್ಜಲು ಒಳಗೆ ಹೋದೆ.